ಗೊತ್ತುಂಟು ತಾರಾನಾಥಣ್ಣ
ಕತಾರಿನ ಮೆಸಯೀದ್ ಊರಿನ ಕಂಪೆನಿ ಕ್ವಾರ್ಟರ್ಸಿನಲ್ಲಿ ನನ್ನ ರೂಮಿನಲ್ಲೇ ಇರುವ ಸೂಪರ್‌ವೈಸರ್ ತಾರಾನಾಥಣ್ಣನಿಗೆ, ಎದುರಿನವರು ಬಾಯಿ ತೆರೆಯುವ ಮೊದಲೇ ಎಲ್ಲವೂ ಗೊತ್ತಿರುತ್ತದೆ. ಇಲ್ಲಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅವರು ಮನುಷ್ಯರಿಗೂ ಪ್ಲಾಂಟಿನ ವಾಲ್ವುಗಳಂತೆ ನಂಬರು ಹಾಕಿ ಮುಗಿಸಿದ್ದಾರೆ. ಅವರ ಲೆಕ್ಕದಲ್ಲಿ ಚಹಾ ತಂದುಕೊಟ್ಟವನಿಗೆ ಶಿಫ್ಟ್ ಬದಲಾಗಬೇಕು. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಬಂದವನಿಗೆ ರಜೆ ಬೇಕು. ಉಳ್ಳಾಲದ ವೆಲ್ಡರ್ ಸರ್ಫರಾಝ್ ಹಾಗೆ ಬಂದದ್ದು ಮಗಳು ಹುಟ್ಟಿದ ಖುಷಿಗೆ ಖರ್ಜೂರ ಹಂಚಲು. "ರಜೆ ಮಾಫಿ, ಇಲ್ಲವೇ ಇಲ್ಲ, ಯಲ್ಲಾ ಹೋಗು" ಎಂದು ಅಟ್ಟಿದರು. ಆಮೇಲೆ ಅವನು ಇಟ್ಟುಹೋದ ಖರ್ಜೂರವನ್ನು ತಿನ್ನುತ್ತಾ, "ನೋಡಿದ್ಯಾ, ರಜೆಗೆ ಲಂಚ!" ಎಂದು ನನ್ನತ್ತ ಕಣ್ಣು ಮಿಟುಕಿಸಿದರು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಮುಲ್ಕಿಯಲ್ಲಿರುವ ಹೆಂಡತಿ ಶರ್ಮಿಳಾಗೆ ತಪ್ಪದೆ ವೀಡಿಯೊ ಕಾಲ್ ಮಾಡುತ್ತಾರೆ. ಹೋದ ವಾರ ಆಕೆ, "ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು" ಎಂದಳು. "ಗೊತ್ತುಂಟು, ಬಾವಿಯ ಪಂಪ್ ಹಾಳಾಗಿದೆ. ರಿಪೇರಿಯವನಿಗೆ ಹೇಳು." "ಪಂಪ್ ಅಲ್ಲ..." "ಹಾಗಾದ್ರೆ ಅಮ್ಮನ ಕಾಲುನೋವು. ಎಣ್ಣೆ ಹಚ್ಚು." ಆಕೆ ರೆಪ್ಪೆ ಕೂಡ ಅಲುಗಿಸದೆ ಇವರನ್ನೇ ನೋಡುತ್ತಾ ಕುಳಿತಳು. "ಸ್ಟಕ್ ಆಯ್ತು ಮಾರಾಯ, ಊರಿನ ನೆಟ್‌ವರ್ಕ್ ಖಲಾಸ್" ಎಂದು ನನಗೆ ಹೇಳಿ ಕಟ್ ಮಾಡಿದರು. ಪಕ್ಕದ ಮಂಚದಲ್ಲಿದ್ದ ನನಗೆ ಸ್ಕ್ರೀನ್ ಸರಿಯಾಗಿ ಕಾಣುತ್ತಿತ್ತು. ಕಾಲ್ ಕಟ್ ಆಗುವವರೆಗೂ ಆಕೆಯ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಅದನ್ನು ಹೇಳಲೆಂದು "ತಾರಾನಾಥಣ್ಣ" ಎಂದೆ. "ಗೊತ್ತುಂಟು" ಎಂದು ಅವರು ಗೋಡೆಯ ಕಡೆ ಹೊರಳಿ ಮಲಗಿದರು.