ಮೂರನೇ ಬೆಂಚಿನ ಕಾಲು

ಬಡಗಿಯ ಕೆಲಸದ ಬಗ್ಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ತಕರಾರೆಲ್ಲ ಅವನು ಹೇಳುತ್ತಿದ್ದ ದಿನದ ಬಗ್ಗೆ. ಏನು ಕೇಳಿದರೂ "ಸೋಮವಾರ ಬರ್ತೀನಿ" ಅನ್ನುತ್ತಿದ್ದ. ಯಾವ ಸೋಮವಾರ ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚರ್ಚಿನ ಮಕ್ಕಳು ಅವನಿಗೆ ಸೋಮವಾರದಣ್ಣ ಅಂತಲೇ ಹೆಸರಿಟ್ಟಿದ್ದವು.

ಚರ್ಚಿನ ಮೂರನೇ ಬೆಂಚಿನ ಕಾಲು ಸಡಿಲವಾದಾಗ ಪಾಸ್ಟರಿಗೂ ಅದೇ ಮಾತು ಕೊಟ್ಟ. ಅರ್ಧ ಗಂಟೆಯ ಕೆಲಸ ತಾನೇ ಅಂತ ಮುಂದೆ ಹಾಕಿದ್ದು ಏಳು ತಿಂಗಳಾಯಿತು. ಆರಾಧನೆಯಲ್ಲಿ ಎಲ್ಲರೂ ಎದ್ದು ಕೂರುವಾಗ ಆ ಬೆಂಚು ಕಿರ್ರೆನ್ನುತ್ತಿತ್ತು, ಇವನು ತಲೆ ತಗ್ಗಿಸಿಬಿಡುತ್ತಿದ್ದ. ಮೊದಲು ಹಿಂದಿನ ಸಾಲಿಗೆ ಹೋಗಿ ಕೂತ. ಆಮೇಲೆ ಕೊನೆಯ ಪ್ರಾರ್ಥನೆಗೆ ಮುಂಚೆಯೇ ಮೆಲ್ಲಗೆ ಜಾರಿಕೊಳ್ಳತೊಡಗಿದ. ಕಡೆಗೆ ಮನೆಯಲ್ಲಿ ಬೆಳಗಿನ ಪ್ರಾರ್ಥನೆಯೂ ನಿಂತಿತು. ಆಡಿದ ಮಾತು ಉಳಿಸಿಕೊಳ್ಳದವನು ಯಾವ ಮುಖ ಹೊತ್ತು ದೇವರ ಮುಂದೆ ನಿಲ್ಲಬೇಕು? ಮೊದಲು ಬೆಂಚು ಸರಿಮಾಡಿ, ಆಮೇಲೆ ಕ್ಷಮೆ ಕೇಳಿದರಾಯಿತು ಅಂದ. ಅದನ್ನು ಕೇಳಿ ಹೆಂಡತಿ, "ಅಂದ್ರೆ ದೇವರಿಗೂ ಸೋಮವಾರ ಅಂತ ಹೇಳಿದ್ದೀರಿ ಅನ್ನಿ," ಅಂತ ನಕ್ಕಳು. ಅವನಿಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಅವನ ಶೆಡ್ಡಿಗೆ ಟೀಚರಮ್ಮ ಬಂದರು. ಚರ್ಚಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿ ನಿವೃತ್ತರಾದವರು. ಮೂರನೇ ಬೆಂಚಿನಲ್ಲೇ ಅವರ ಜಾಗ. ಬಡಗಿ ಗಡಿಬಿಡಿಯಲ್ಲಿ ಎದ್ದು ಸ್ಟೂಲು ಮುಂದೆ ಸರಿಸಿದ. ಅವರು ಮರದ ಪುಡಿ ಕೊಡವಿ ಸ್ಟೂಲಿನ ಮೇಲೆ ಕೂತು, ಬೈಯೋಕೆ ಬಂದಿಲ್ಲವೆಂದು ಸಮಾಧಾನ ಹೇಳಿದರು. ತಮ್ಮ ತಂಗಿಯ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಂತೆ. ತಪ್ಪು ತಮ್ಮದೇ. ದಿನಾ ಫೋನ್ ಕೈಗೆ ತಗೊಳ್ಳೋದು, ದಿನಾ ನಾಳೆ ಅಂತ ಕೆಳಗಿಡೋದು.

"ಇದನ್ನ ಯಾರ ಹತ್ರ ಹೇಳ್ಕೊಂಡ್ರೆ ಅರ್ಥ ಆಗುತ್ತೆ ಅಂತ ಯೋಚಿಸಿದೆ. ನೀನು ನೆನಪಾದೆ."

ಬಡಗಿಗೆ ತಡೆಯಲಾರದಷ್ಟು ನಗು ಬಂತು. ನಕ್ಕು ಹಗುರಾದ ಮೇಲೆ ತನ್ನದನ್ನೂ ಹೇಳಿಕೊಂಡ. "ಪ್ರಾರ್ಥನೆಗೆ ಕೂರೋಕೂ ನಾಚಿಕೆ ಟೀಚರ್. ಮೊದಲು ಕೆಲಸ ಮುಗೀಲಿ ಅಂತ."

"ಉಲ್ಟಾ ಮಾಡ್ತಿದ್ದೀಯ ಕಣಪ್ಪ. ಕ್ಷಮೆ ಏನು ಕೆಲಸ ಮುಗಿಸಿದ್ಮೇಲೆ ಕೊಡೋ ಕೂಲಿನಾ? ಮೊದಲು ಅದನ್ನ ಇಸ್ಕೋ. ಕೈ ತಾನಾಗೇ ಆಡುತ್ತೆ." ಅಷ್ಟು ಹೇಳಿದವರು ಕೈಚೀಲದಿಂದ ಫೋನ್ ತೆಗೆದು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಇದು ನನಗೂ ಸೇರಿಸಿ ಹೇಳಿದ್ದು ಅಂತ ಕಾಣುತ್ತೆ," ಅಂದರು.

ಅಲ್ಲೇ, ಹಲಗೆಗಳ ನಡುವೆ, ಇಬ್ಬರೂ ಕಣ್ಣು ಮುಚ್ಚಿದರು. ಎರಡೇ ಮಾತಿನ ಪ್ರಾರ್ಥನೆ. ಆಮೆನ್ ಅಂದದ್ದೇ ಬಡಗಿ ಉಳಿ, ಸುತ್ತಿಗೆ, ಅಂಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಮನಸ್ಸು ಬದಲಾಗುವ ಮುಂಚೆ ತಲುಪಬೇಕೆಂದು ಇಬ್ಬರೂ ಬಿರಬಿರನೆ ಚರ್ಚಿಗೆ ನಡೆದರು.

ಅವನು ಬೆಂಚಿನಡಿ ನುಸುಳಿದ. ಅವರು ಹೊರಗೆ ಮೆಟ್ಟಿಲ ಮೇಲೆ ಕೂತು ನಂಬರ್ ಒತ್ತಿದರು. "ನಾನು ಕಣೇ, ಅಕ್ಕ," ಅಂದದ್ದು ಅವನಿಗೆ ಕೇಳಿಸಿತು. ಆಮೇಲೆ ಅಳುವೋ ನಗುವೋ ಗೊತ್ತಾಗದ ಒಂದು ಸದ್ದು.

ಕಾಲು ಇಪ್ಪತ್ತೇ ನಿಮಿಷದಲ್ಲಿ ಗಟ್ಟಿಯಾಯಿತು. ಫೋನು ಮಾತ್ರ ಒಂದೂವರೆ ಗಂಟೆ ನಡೆಯಿತು. ಅಡ್ಡ ಹೋಗಬಾರದೆಂದು ಬಡಗಿ ಉಳಿದ ಬೆಂಚುಗಳನ್ನೂ ಒಂದೊಂದಾಗಿ ಅಲುಗಾಡಿಸಿ ನೋಡಿ ಬಿಗಿ ಮಾಡಿದ, ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟ.

ಎರಡು ವಾರಕ್ಕೆ ತಂಗಿಯೇ ಬಂದಿಳಿದಳು. ಅಕ್ಕತಂಗಿಯರ ಗುಸುಗುಸು ಚರ್ಚಿನಲ್ಲಿ ಭಾನುವಾರದ ಬೋಧನೆಯ ನಡುವೆಯೂ ನಿಲ್ಲದೆ ಪಾಸ್ಟರು ಎರಡು ಸಲ ಕೆಮ್ಮಬೇಕಾಯಿತು.

ಬಡಗಿಯ ಕೆಲಸಗಳು ಈಗಲೂ ಬಾಕಿ ಬೀಳುತ್ತವೆ. ಆದರೆ ಬೆಳಗ್ಗೆ ಎದ್ದವನು ಮೊದಲು ಮಂಡಿಯೂರಿ, ಅರ್ಧಕ್ಕೆ ನಿಂತವನ್ನೆಲ್ಲ ಮುಚ್ಚುಮರೆಯಿಲ್ಲದೆ ದೇವರಿಗೆ ಒಪ್ಪಿಸುತ್ತಾನೆ. ಆಮೇಲೆ ಅದರಲ್ಲೇ ಒಂದನ್ನು ಆರಿಸಿಕೊಂಡು, ಶಿಳ್ಳೆ ಹಾಕುತ್ತಾ ಶೆಡ್ಡಿನ ಬೀಗ ತೆಗೆಯುತ್ತಾನೆ.