ದೊಡ್ಡ ಸೊಸೆ ಹೇಳದ ಮಾತುಗಳು

ಆ ಸಿಳ್ಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಎದುರುಮನೆಯ ಅಕ್ಕ ತಮ್ಮ ಕಿವಿಯ ಮಿಷನ್ ತೆಗೆದು, ಆಫ್ ಮಾಡದೆ, ಸ್ಟೀಲಿನ ಡಬ್ಬಿಯೊಳಗೆ ಹಾಕಿಡುತ್ತಿದ್ದರು. ಅದು ಅಲ್ಲಿಂದಲೇ ಕುಂಯ್ ಎಂದು ಸಣ್ಣಗೆ ಕೂಗುತ್ತಿತ್ತು. ಅವರಿಗೆ ಕೇಳುತ್ತಿರಲಿಲ್ಲ, ನನಗೆ ಮಾತ್ರ. ಸಂಜೆ ಏಳಾಯಿತು, ಸೀರಿಯಲ್ ಶುರು ಅನ್ನುವುದಕ್ಕೆ ಅದೇ ನನಗೆ ಬೆಲ್.

"ಹಾಕ್ಕೊಂಡೇ ನೋಡಬಾರದೇ ಅಕ್ಕ?" ಎಂದು ಮೊದಮೊದಲು ಕೇಳಿದ್ದೆ.

"ಆ ಮ್ಯೂಸಿಕ್ಕಿಗೆ ತಲೆ ಸಿಡೀತೈತೆ ಟೀಚರಮ್ಮ. ಒಬ್ಬಳು ಬಾಗ್ಲು ತೆಗೆದ್ರೂ ಡಂ ಡಂ ಅಂತ ಬಡೀತಾರೆ. ನೀವೇ ಹೇಳ್ರಿ, ನಿಮ್ಮ ದನಿ ಚಂದ ಐತೆ."

ಹಾಗೆ ಶುರುವಾದದ್ದು. ಚನ್ನಗಿರಿಯ ಅವರ ಮನೆಯ ನಡುಮನೆಯಲ್ಲಿ ಅವರು ಚಿತ್ರ ನೋಡುವುದು, ನಾನು ಪಕ್ಕದಲ್ಲಿ ಕೂತು ಬಲಗಿವಿಗೆ ಡೈಲಾಗ್ ಹೇಳುವುದು. ಹೊನ್ನಾಳಿಯಲ್ಲಿ ಅಷ್ಟು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳು ನಾನು, ಮಕ್ಕಳಿಂದ ಡ್ರಾಮಾ ಮಾಡಿಸಿದವಳು. ಅತ್ತೆಗೊಂದು ವಾಯ್ಸ್, ಮಾವನಿಗೊಂದು ವಾಯ್ಸ್ ಸಲೀಸಾಗಿ ಬರುತ್ತಿತ್ತು. ಬರಬರುತ್ತಾ ಬ್ಯಾಂಕಿಗೂ ನಾನೇ ಅವರ ಕಿವಿ, ದಾವಣಗೆರೆಯ ಡಾಕ್ಟರ ಹತ್ತಿರವೂ ನಾನೇ. ರಿಪೋರ್ಟುಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವಲ್ಲ. "ಟೀಚರಮ್ಮ ಅಂದ ಮ್ಯಾಲೆ ಮುಗೀತು" ಎಂದು ತರಕಾರಿಯವಳಿಗೂ ಹೇಳುತ್ತಿದ್ದರು.

ಆ ಸೀರಿಯಲ್ಲಿನ ದೊಡ್ಡ ಸೊಸೆ ನಮ್ಮಿಬ್ಬರ ಫೇವರಿಟ್. ಒಮ್ಮೆ ಮನೆಮಂದಿಯೆಲ್ಲ ಡ್ರೈವರನನ್ನು ಬೈಯುತ್ತಿದ್ದಾಗ, ಎದ್ದು ನಿಂತು, ತಪ್ಪು ನನ್ನ ಗಂಡನದು ಎಂದುಬಿಟ್ಟಿದ್ದಳು. ಅದನ್ನು ಅಕ್ಕನ ಕಿವಿಗೆ ಎರಡೆರಡು ಸಲ ಹೇಳಿದ್ದೆ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳುತ್ತಿದ್ದರು: ವೈಟ್ ಲೈ, ಬ್ಲ್ಯಾಕ್ ಲೈ ಅಂತ ಇಲ್ಲ ಗರ್ಲ್ಸ್, ಲೈ ಈಸ್ ಎ ಲೈ. ಆ ಹುಡುಗಿಯನ್ನು ನೋಡಿದಾಗಲೆಲ್ಲ ಸಿಸ್ಟರ್ ನೆನಪಾಗುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವಳು ಕೆಟ್ಟಳು. ಸೀರಿಯಲ್ ಬರೆಯುವವರಿಗೆ ಏನಾಯಿತೋ ಕಾಣೆ. ಅತ್ತೆಯ ಚಿನ್ನದ ಅವಲಕ್ಕಿ ಸರ ಕಳೆದುಹೋಯಿತು. ಸರ ತನ್ನ ಹತ್ತಿರವೇ ಇದೆ ಎಂದು ದೊಡ್ಡ ಸೊಸೆ ಫೋನಿನಲ್ಲಿ ತನ್ನ ತಾಯಿಗೆ ನಗುತ್ತ ಹೇಳಿದಳು. ಮರುಕ್ಷಣ ಹಜಾರಕ್ಕೆ ಬಂದು ಸಣ್ಣ ಸೊಸೆಯತ್ತ ಕೈ ತೋರಿಸಿ, ಕದ್ದವಳು ಇವಳೇ, ಕಣ್ಣಾರೆ ಕಂಡೆ ಎಂದಳು.

"ಏನಂದ್ಲು?" ಎಂದರು ಅಕ್ಕ.

ಆ ಮಾತನ್ನು ನನ್ನ ಬಾಯಿಂದ ಆಡಲು ಆಗಲಿಲ್ಲ. "ಯಾರ ಮೇಲೂ ಅನುಮಾನ ಬೇಡ, ಹುಡುಕೋಣ ಅಂದ್ಲು."

"ಮತ್ತೆ ಆಕಿ ಕಡೆ ಯಾಕೆ ಬಟ್ಟು ಮಾಡ್ತಾಳೆ?"

"ಅವಳೂ ಹುಡುಕಲಿ ಅಂತ."

ಅಕ್ಕ ತಲೆಯಾಡಿಸಿದರು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಮರುದಿನ ಸಣ್ಣ ಸೊಸೆ ಬ್ಯಾಗ್ ಹಿಡಿದು ಹೊರಟಳು. ಪಂಚಮಿ ಹಬ್ಬಕ್ಕೆ ತವರಿಗೆ ಎಂದೆ. "ಹಬ್ಬಕ್ಕೆ ಹೋಗಾಕೆ ಹಿಂಗೆ ಅಳ್ತಾರೇನ್ರಿ?" ಎಂದರು. ಅವಳ ತಂದೆಗೆ ಹುಷಾರಿಲ್ಲವಂತೆ ಎಂದೆ. ಸೀರಿಯಲ್ಲಿನಲ್ಲಿ ಎಂದೂ ಕಾಣದ ಒಬ್ಬ ಮನುಷ್ಯನನ್ನು ಹಾಸಿಗೆ ಹಿಡಿಸಿಬಿಟ್ಟೆ! ಆಮೇಲೆ ದಿನಾ ಮಧ್ಯಾಹ್ನ ಮೊಬೈಲಿನಲ್ಲಿ ಪ್ರೋಮೋ ನೋಡುವುದು, ಯಾವ ಚಿತ್ರಕ್ಕೆ ಯಾವ ಮಾತು ಎಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಏಳು ಗಂಟೆ ಹತ್ತಿರ ಬಂದರೆ ಅದನ್ನೇ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ರಸ್ತೆ ದಾಟುತ್ತಿದ್ದೆ. ಡಬ್ಬಿಯೊಳಗೆ ಸಿಳ್ಳೆ ಕೇಳುತ್ತಲೇ ಧೈರ್ಯ ಹೋಗುತ್ತಿತ್ತು.

ಅದೇ ದಿನಗಳಲ್ಲಿ ಅಕ್ಕನ ಕುತ್ತಿಗೆಯಲ್ಲಿ ಮೊದಲಿನಿಂದ ಇದ್ದ ಸಣ್ಣ ಗೆಡ್ಡೆ ದೊಡ್ಡದಾಯಿತು. ದಾವಣಗೆರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಟೆಸ್ಟ್ ಮಾಡಿದರು. ಡಾಕ್ಟರ್ ಹೇಳಿದ್ದು ಇಷ್ಟು: ಇದು ಕೆಟ್ಟ ಗೆಡ್ಡೆ ಅಲ್ಲ, ಆದರೆ ಉಸಿರಿನ ನಾಳವನ್ನು ಒತ್ತುತ್ತಿದೆ, ತಿಂಗಳೊಳಗೆ ತೆಗೆಸಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ಹಾಗೆಯೇ ಹೇಳಿದೆ. "ನೀವು ಹೇಳಿದ ಮ್ಯಾಲೆ ಏನು, ತೆಗ್ಸೋಣ" ಎಂದರು.

ಆಪರೇಷನ್ ಮಾಡಿಸಲು ಜಗಳೂರಿನಿಂದ ಅವರ ಮಗಳು ಬಂದಳು. ಅಂದು ಸಂಜೆ ಅವಳೂ ನಮ್ಮ ಜೊತೆ ಟೀವಿ ಮುಂದೆ ಕೂತಳು. ತಲೆನೋವು ಅಂದು ಎದ್ದು ಬರಬಹುದಿತ್ತು, ಬರಲಿಲ್ಲ. ದೊಡ್ಡ ಸೊಸೆ ಏನೋ ಅಂದಳು, ನಾನು ಏನೋ ಹೇಳಿದೆ. ಮಗಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಟೀಚರಮ್ಮ, ಆಕಿ ಎಲ್ಲಿ ಹಂಗಂದ್ಲು? ಕಳ್ಳಿ ಆಕಿ! ಸರ ಕದ್ದಾಕಿನೇ ಆಕಿ!" ಎಂದವಳೇ ಅವ್ವನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಕೂಗಿ ಹೇಳಿದಳು.

ಅಕ್ಕ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಬೀರುವಿನಿಂದ ಡಾಕ್ಟರ ಫೈಲ್ ತಂದು ನನ್ನ ತೊಡೆಯ ಮೇಲಿಟ್ಟರು.

"ಇದ್ರಾಗೆ ಏನು ಬರ್ದೈತೆ?"

"ಹೇಳಿದ್ದೆನಲ್ಲ ಅಕ್ಕ."

"ಅದೂ ಪಂಚಮಿ ಹಬ್ಬಾನೇ ಏನು?"

ಇಲ್ಲ ಅಕ್ಕ, ಇದು ನಿಜ ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೋ ಅಷ್ಟೂ ಡೈಲಾಗಿನ ಹಾಗೆ ನನಗೇ ಕೇಳಿಸಿತು.

"ನಾ ಉಳಿಯಲ್ಲ ಅಂತ ಇದ್ರೆ ಹಂಗೇ ಹೇಳಿಬಿಡ್ರಿ. ಸುಮ್ನೆ ಕುತ್ತಿಗಿ ಕೊಯ್ಸಿಕೊಳ್ಳಾಕೆ ನಾ ಬರಲ್ಲ."

ಮೂರು ದಿನ ಅವರು ಆಪರೇಷನ್ನಿಗೆ ಹೂಂ ಅನ್ನಲಿಲ್ಲ. ಮಗಳು ಬಂದು, "ನೀವಾದ್ರೂ ಹೇಳ್ರಿ ಟೀಚರಮ್ಮ, ನಿಮ್ಮ ಮಾತು ಕೇಳ್ತಾಳೆ" ಎಂದಳು. ನನ್ನ ಮಾತನ್ನು ನಾನೇ ಹಾಳುಮಾಡಿಕೊಂಡು ಕೂತಿದ್ದೆ. ಕಿಟಕಿಯಿಂದ ಅವರ ಬಾಗಿಲು ನೋಡುವುದು, ಅವರು ಕೆಮ್ಮಿದರೆ ಇದು ಆ ಗೆಡ್ಡೆಯದೇ ಎಂದು ಹೆದರುವುದು, ಇಷ್ಟೇ. ಒಬ್ಬ ಸೀರಿಯಲ್ ಹುಡುಗಿಯ ಮರ್ಯಾದೆ ಕಾಪಾಡಲು ಹೋಗಿ ಒಂದು ಜೀವಕ್ಕೇ ಅಡ್ಡ ಬಂದೆನಲ್ಲ ಎಂದು ಕುದಿಯುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವರ ಮನೆ ಮುಂದೆ ಕಾರು ನಿಂತಿತ್ತು. ಓಡಿದೆ. ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದರು, ಫೈಲ್ ತೊಡೆಯ ಮೇಲೆ. ಕಿವಿಯಲ್ಲಿ ಮಿಷನ್ ಇತ್ತು.

"ಜಗಳೂರಿಗೆ ಹೊಂಟೀನಿ. ಅಲ್ಲೊಬ್ಬ ಡಾಕ್ಟರ ಹತ್ರ ಓದಿಸ್ತೀನಿ. ಬೇಜಾರು ಮಾಡ್ಕೋಬ್ಯಾಡ್ರಿ."

"ಓದಿಸಿ ಅಕ್ಕ. ನಾನು ಹೇಳಿದ್ದೇ ಇದ್ದರೆ, ಮಾಡಿಸ್ಕೊಳ್ಳಿ."

ಅವರು ನನ್ನ ಬಾಯನ್ನೇ ನೋಡಿದರು. ಆಮೇಲೆ, "ನಿನ್ನೆ ಏನಾತು? ಸರ ಕದ್ದದ್ದು ಮನಿಯೋರಿಗೆ ಗೊತ್ತಾತೇನು?" ಎಂದರು.

"ಇಲ್ಲ ಅಕ್ಕ. ಇನ್ನೂ ಸುಳ್ಳೇ ಹೇಳ್ತಿದ್ದಾಳೆ. ಸಣ್ಣವಳನ್ನ ವಾಪಸ್ ಮನೆಗೆ ಸೇರಿಸಲಿಲ್ಲ."

"ಥೂ ಅವಳ," ಎಂದರು ಅಕ್ಕ. ಮುಖದಲ್ಲಿ ಏನೋ ಸ್ವಲ್ಪ ಸಡಿಲವಾಯಿತು. "ಹಂಗೆ ಹೇಳ್ರಿ ಮತ್ತೆ."

ಕಾರು ಬಸ್‌ಸ್ಟ್ಯಾಂಡಿನ ಕಡೆ ತಿರುಗಿತು. ಹಿಂದಿನ ಗಾಜಿನಲ್ಲಿ ಅವರ ಬಿಳಿ ತುರುಬು, ಕಿವಿಯ ಮೇಲೆ ಮಿಷನ್ ಸರಿಮಾಡಿಕೊಳ್ಳುತ್ತಿದ್ದ ಕೈ. ಜಗಳೂರಿನಿಂದ ಅವರು ಮರಳಿ ಬರಲಿಲ್ಲ; ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅದೇ.