ಕಂಪ್ಲಿಗೆ ಎರಡು ಡ್ರಾಪ್

ಹೊಸಪೇಟೆಯಲ್ಲಿ ನಾವು ಈಗ ಯಾರನ್ನೂ ಬಿಟ್ಟು ಬರುವುದಿಲ್ಲ, ಡ್ರಾಪ್ ಮಾಡಿ ಬರುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಬೇಕಂತಲೇ ಬೀಳಿಸಿ, ಅದು ಎರಡು ತುಂಡಾದ ಮೇಲೆ, "ಇದಕ್ಕ ಡ್ರಾಪ್ ಅಂತಾರ" ಅಂದಿದ್ದರು. ಬೈಕ್ ಕೊಂಡ ಮೇಲೆ ಆ ಪಾಠ ಮರೆತೆ. ಹಿಂದೆ ಕೂರಿಸಿಕೊಂಡು ಹೋಗಿ ಇಳಿಸುವುದೇ ಡ್ರಾಪ್ ಆಯಿತು.

ಆ ವರ್ಷ ಪಂಚಮಿಗೆ ಅತ್ತಿಗೆಯ ತವರಿನವರು ಕರೆಯಲು ಬರುವ ಮೊದಲೇ ಅವ್ವ, "ಅವರಿಗ್ಯಾಕ ತ್ರಾಸು, ನೀನ ಕಂಪ್ಲಿಗೆ ಡ್ರಾಪ್ ಮಾಡಿ ಬಾ" ಅಂದಳು. ಯಾಕೆಂದು ನನಗೆ ಗೊತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ; ಮರಿಯಮ್ಮನಹಳ್ಳಿಯಲ್ಲಿ ಅಣ್ಣನಿಗೆ ಇನ್ನೊಂದು ಹೆಣ್ಣು ನೋಡಿಯಾಗಿತ್ತು. ಗೊತ್ತಿಲ್ಲದವಳು ಅತ್ತಿಗೆ ಒಬ್ಬಳೇ. ಎರಡೇ ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಮಲ್ಲಿಗೆ ಬಳ್ಳಿಗೆ ನೀರು ಹಾಕಲು ಮರೆಯಬೇಡಿ ಎಂದು ದಾರಿಯುದ್ದಕ್ಕೂ ಹೇಳಿದಳು. ನಾನು ಹೂಂ, ಹೂಂ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಅವಳ ತಾಯಿ ಸ್ಟೀಲ್ ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟರು. ಅತ್ತಿಗೆ ಗಾಡಿಯ ತನಕ ಬಂದು, "ಕರಿಯಾಕ ಬರೋವಾಗ ಡಬ್ಬಿ ಖಾಲಿ ತರಬ್ಯಾಡ್ರಿ ಮತ್ತ" ಎಂದು ನಕ್ಕಳು. ನಮ್ಮಲ್ಲಿ ತಿನಿಸು ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ, ಹೋಗಿಬರುವುದು ನಿಲ್ಲದಿರಲಿ ಅಂತ.

ಉಂಡಿಗಳನ್ನು ತಿಂದು ಮುಗಿಸಿದೆವು. ಅಣ್ಣನೇ ಹೆಚ್ಚು ತಿಂದ. ಅತ್ತಿಗೆಯ ಫೋನನ್ನು ಯಾರೂ ಎತ್ತಲಿಲ್ಲ. ತಿಂಗಳಾದ ಮೇಲೆ ಅವ್ವ ಡಬ್ಬಿ ತೊಳೆದು, ಒರೆಸಿ ನನ್ನ ಕೈಗಿಟ್ಟಳು.

"ಇದನ್ನೂ ಡ್ರಾಪ್ ಮಾಡಿ ಬಾ. ಅವರಿಗೆ ತಿಳಿತೈತಿ."

"ಯವ್ವಾ, ಒಂದೀಟು ಸಕ್ಕರಿ ಹಾಕ್ಲೇನು?"

"ಬ್ಯಾಡಂದ್ರ ಬ್ಯಾಡ."

ದಾರಿಯಲ್ಲಿ ಎಷ್ಟೊಂದು ಕಿರಾಣಿ ಅಂಗಡಿಗಳಿದ್ದವು. ಒಂದರ ಮುಂದೂ ನಾನು ಗಾಡಿ ನಿಲ್ಲಿಸಲಿಲ್ಲ.

ಬೈಕಿನ ಸದ್ದು ಕೇಳಿಯೇ ಅತ್ತಿಗೆ ಓಡಿ ಬಂದಳು. ಎರಡು ಸೀರೆಯ ಆ ಚೀಲವನ್ನು ತುಂಬಿ ಬಾಗಿಲ ಮಗ್ಗುಲಿಗೇ ಇಟ್ಟಿದ್ದಳು. ಡಬ್ಬಿ ಕೊಟ್ಟೆ. ಹಗುರವಾಗಿದ್ದರೂ ಮುಚ್ಚಳ ತೆಗೆದು ನೋಡಿದಳು. ಒಳಗೆ ಕೈ ಹಾಕಿ ತಳ ಸವರಿದಳು. ಆಮೇಲೆ ಮುಚ್ಚಳವನ್ನು ಸರಿಯಾಗಿ ಹಾಕಿದಳು.

"ಬರ್ರಿ, ಚಹಾ ಕುಡುದು ಹೋಗ್ರಿ" ಅಂದಳು.

"ತೋರಣಗಲ್ಲಿಗೆ ಹೋಗಬೇಕ್ರಿ, ಶಿಫ್ಟಿಗೆ ಹೊತ್ತಾತು" ಅಂದೆ.

ಅವತ್ತು ನನಗೆ ಶಿಫ್ಟ್ ಇರಲಿಲ್ಲ.